ಹಡಗು ಬರೋ ಮೊದಲೇ ಹೋದವರು

ಮ್ಯಾಂಚೆಸ್ಟರ್ ಅಂದ್ರೆ ನಮಗೆಲ್ಲ ಫುಟ್‌ಬಾಲ್. ಸಮುದ್ರವೇ ಇಲ್ಲದ ಆ ಊರಿಗೆ ದೊಡ್ಡ ಹಡಗುಗಳು ಬರೋ ಹಾಗೆ ಮಾಡಿಸಲು ಹೊರಟವರು ಡೇನಿಯಲ್ ಆಡಮ್ಸನ್.

ಹುಟ್ಟಿದ್ದು 1820ರಲ್ಲಿ, ಇಂಗ್ಲೆಂಡಿನ ಶಿಲ್ಡನ್‌ನಲ್ಲಿ. ರೈಲ್ವೆ ಎಂಜಿನ್ ಕಟ್ಟುತ್ತಿದ್ದ ಟಿಮೊಥಿ ಹ್ಯಾಕ್‌ವರ್ತ್ ಹತ್ತಿರ 13ನೇ ವಯಸ್ಸಿಗೇ ಕೆಲಸ ಕಲಿಯಲು ಸೇರಿದರು. (ನಾವು ಆಗ ಎಂಟನೇ ಕ್ಲಾಸು!) ಮುಂದೆ ಮ್ಯಾಂಚೆಸ್ಟರ್ ಬಳಿ ಸ್ವಂತ ಬಾಯ್ಲರ್ ಕಾರ್ಖಾನೆ ಹಾಕಿದರು.

ಅಲ್ಲಿನ ಗಿರಣಿಗಳಿಗೆ ಬೇಕಾದ ಹತ್ತಿ ಲಿವರ್‌ಪೂಲ್ ಬಂದರಿನಿಂದ ಬರಬೇಕಿತ್ತು. ಬಂದರಿನ ಸುಂಕ, ರೈಲು ಬಾಡಿಗೆ ಎರಡೂ ಜಾಸ್ತಿ. ಹಡಗನ್ನೇ ಊರಿಗೆ ತರೋಣ ಅಂತ 1882ರ ಜೂನ್‌ನಲ್ಲಿ ಆಡಮ್ಸನ್ ತಮ್ಮ ಮನೆಯಲ್ಲೇ ಸಭೆ ಕರೆದರು. ಲಿವರ್‌ಪೂಲ್‌ನವರು, ರೈಲ್ವೆಯವರು ಸುಮ್ಮನಿರ್ತಾರಾ? ಪಾರ್ಲಿಮೆಂಟಿನಲ್ಲಿ ಮಸೂದೆ ಎರಡು ಸಲ ಬಿದ್ದು, 1885ರಲ್ಲಿ ಪಾಸಾಯಿತು. (ಬ್ಯಾಕ್‌ಲಾಗ್ ಇರೋರು ಗಮನಿಸಿ.)

ಬಂಡವಾಳ ಕೂಡಿಸುವ ವಿಚಾರದಲ್ಲಿ ಜೊತೆಗಾರರ ಜೊತೆ ಸರಿಬರದೆ 1887ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟರು. ಅಗೆತ ಶುರುವಾಗಿದ್ದೂ ಅದೇ ವರ್ಷ. ಕಾಲುವೆಯ ಉದ್ದ 58 ಕಿ.ಮೀ. ಊರು ಎತ್ತರದಲ್ಲಿರೋದ್ರಿಂದ ಐದು ಕಡೆ ಲಾಕ್: ಹಡಗು ಒಳಗೆ ಬಂದ ಮೇಲೆ ಗೇಟ್ ಮುಚ್ಚಿ ನೀರು ತುಂಬಿಸೋದು. ಹೀಗೆ ಮೆಟ್ಟಿಲು ಹತ್ತಿದ ಹಾಗೆ ಹಡಗು ಸುಮಾರು 18 ಮೀಟರ್ ಮೇಲೇರುತ್ತೆ. ಪಂಪ್ ಇಟ್ಟು ಎತ್ತುತ್ತಾರೆ ಅಂದುಕೊಂಡಿದ್ವಿ. ಮೇಲಿನ ನೀರು ತಾನಾಗೇ ಇಳಿದು ತುಂಬುತ್ತೆ, ಅಷ್ಟೇ.

1890ರ ಜನವರಿಯಲ್ಲಿ ಆಡಮ್ಸನ್ ತೀರಿಕೊಂಡರು. ಕಾಲುವೆ ತೆರೆದದ್ದು 1894ರ ಜನವರಿ 1ಕ್ಕೆ. ವಿನ್ಯಾಸ ಮಾಡಿದ ಎಡ್ವರ್ಡ್ ಲೀಡರ್ ವಿಲಿಯಮ್ಸ್ ಅವರಿಗೆ ಆ ವರ್ಷ ಸರ್ ಪದವಿ ಸಿಕ್ಕಿತು.