ಎರಡು ಚುಕ್ಕಿಯ ಡೇನಿಯಲ್ ಜೋನ್ಸ್

ಇಂಗ್ಲಿಷ್ ಡಿಕ್ಷನರಿಯಲ್ಲಿ ಶಬ್ದದ ಪಕ್ಕ ಓರೆಗೆರೆಗಳ ನಡುವೆ ಏನೋ ವಿಚಿತ್ರ ಅಕ್ಷರಗಳಿರುತ್ತವೆ, ಕೆಲವಕ್ಕೆ ಮುಂದೆ ಎರಡು ಚುಕ್ಕಿ. ನಾವು ಅದನ್ನು ಹಾರಿ ಸೀದಾ ಅರ್ಥಕ್ಕೆ ಹೋಗಿಬಿಡ್ತೇವೆ. ಆದರೆ ಕನ್ನಡ ಶಾಲೆಯಿಂದ ಬಂದವನು ಕ್ಲಾಸಿನಲ್ಲಿ ಎದ್ದು ನಿಂತು ಶಿಪ್ ಅನ್ನುವಲ್ಲಿ ಶೀಪ್ ಅಂದರೆ ಹಡಗು ಹೋಗಿ ಕುರಿಯಾಗುತ್ತದೆ, ಹಿಂದಿನ ಬೆಂಚು ನಗುತ್ತದೆ. ಆ ನಗು ತಿಂದವರಿಗೆ ಈ ಚುಕ್ಕಿಗಳ ಬೆಲೆ ಗೊತ್ತು. ಚುಕ್ಕಿ ಜೋನ್ಸ್ ಅವರ ಸೃಷ್ಟಿಯಲ್ಲ. ಆದರೆ ಅದನ್ನು ಇಂಗ್ಲಿಷ್ ಕಲಿಯುವವರ ಮೇಜಿಗೆ ತಂದಿಟ್ಟವರಲ್ಲಿ ಅವರು ಮೊದಲ ಸಾಲಿನವರು.

ಹುಟ್ಟಿದ್ದು 1881ರಲ್ಲಿ, ಲಂಡನ್ನಿನಲ್ಲಿ. ತಂದೆ ಬ್ಯಾರಿಸ್ಟರ್. ಮಗ ಕೇಂಬ್ರಿಜ್‌ನಲ್ಲಿ ಗಣಿತ ಓದಿದ, ಆಮೇಲೆ ಕಾನೂನು. 1907ರಲ್ಲಿ ಬ್ಯಾರಿಸ್ಟರೂ ಆದರು, ಆದರೆ ಒಂದು ದಿನವೂ ವಕೀಲಿ ಮಾಡಲಿಲ್ಲ. ಅಷ್ಟರಲ್ಲಿ ಧ್ವನಿಗಳ ಹುಚ್ಚು ಹಿಡಿದಿತ್ತು. ಜರ್ಮನಿಯ ಮಾರ್‌ಬುರ್ಗ್‌ನಲ್ಲಿ ಭಾಷೆ ಕಲಿಯಲು ಹೋದಾಗ ತಗುಲಿದ ಹುಚ್ಚು ಅದು. ಪ್ಯಾರಿಸ್ಸಿನಲ್ಲಿ ಪಾಲ್ ಪಾಸಿ ಎಂಬ ಗುರು ಸಿಕ್ಕಿದ ಮೇಲೆ ಪೂರ್ತಿ ಏರಿತು. ಗುರುವಿನ ಸೋದರಿಯ ಮನೆಯ ಹುಡುಗಿಯನ್ನೇ ಮುಂದೆ ಮದುವೆಯಾದರು. 1907ರಿಂದಲೇ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪಾಠ, 1921ರಲ್ಲಿ ಅಲ್ಲೇ ಪ್ರೊಫೆಸರ್.

1917 ಅವರ ದೊಡ್ಡ ವರ್ಷ. ಅರ್ಥವೇ ಇಲ್ಲದ, ಬರೀ ಉಚ್ಚಾರಣೆಯ ಡಿಕ್ಷನರಿ ಹೊರಬಂತು. ಅದೇ ವರ್ಷ ಅಳತೆಗೋಲಿನಂಥ ಎಂಟು ಸ್ವರಗಳನ್ನು ಗ್ರಾಮೋಫೋನ್ ತಟ್ಟೆಗೆ ಹೇಳಿಕೊಟ್ಟರು. ಅದೇ ಕಾಲಕ್ಕೆ ನಾಲಗೆಯ ಮೇಲೆ ಸಣ್ಣ ಸೀಸದ ಸರಪಳಿ ಇಟ್ಟುಕೊಂಡು ಎಕ್ಸ್‌-ರೇ ತೆಗೆಸಿ, ಸ್ವರ ಹುಟ್ಟುವಾಗ ನಾಲಗೆ ಎಲ್ಲಿರುತ್ತದೆ ಅಂತ ತೋರಿಸಿದರು. ಗಣಿತದವರ ಬುದ್ಧಿ, ಬಿಡಿ.

ಇನ್ನು ಹ್ರಸ್ವ ದೀರ್ಘದ ಮಾತು. ನಮಗೆ ಇ ಒಂದು ಮಾತ್ರೆ, ಈ ಎರಡು ಮಾತ್ರೆ, ಮುಖ್ಯವಾಗಿ ಕಾಲದ ಲೆಕ್ಕ. ಇಂಗ್ಲಿಷಿನಲ್ಲಿ ಹಾಗಲ್ಲ, ನಾಲಗೆಯ ಜಾಗವೂ ಬದಲಾಗುತ್ತದೆ. ಶೀಪ್‌ನ ಸ್ವರಕ್ಕೆ ನಾಲಗೆ ಮೇಲಕ್ಕೆ, ಮುಂದಕ್ಕೆ ಬಿಗಿಯಾಗಿ ಹೋಗುತ್ತದೆ. ಶಿಪ್‌ನದಕ್ಕೆ ಸ್ವಲ್ಪ ಕೆಳಗೆ, ಹಿಂದೆ, ಸಡಿಲ. ಫುಲ್ ಮತ್ತು ಫೂಲ್‌ನ ಕಥೆಯೂ ಇಂಥದ್ದೇ. ಜೋನ್ಸ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೂ ಡಿಕ್ಷನರಿಯಲ್ಲಿ ಎರಡಕ್ಕೂ ಒಂದೇ ಅಕ್ಷರ ಇಟ್ಟು, ದೀರ್ಘಕ್ಕೆ ಮಾತ್ರ ಎರಡು ಚುಕ್ಕಿ ಹಾಕಿದರು. ಅಚ್ಚಿಗೆ ಸುಲಭ, ಕಲಿಯುವವರಿಗೂ ಅಕ್ಷರ ಕಡಿಮೆ. ತಾಪತ್ರಯ ನಮ್ಮಂಥವರದು: ಚುಕ್ಕಿ ನೋಡಿ ಎಳೆದರೆ ಸಾಕು, ನಾಲಗೆ ಎಲ್ಲಿದ್ದರೇನು ಅಂದುಕೊಳ್ತೇವೆ. ಎಳೆತವಾದರೂ ಸ್ಥಿರವೇ? ಬೀಟ್‌ನ ಕೊನೆಯ ಟ್ ಅದರ ದೀರ್ಘವನ್ನು ಮೊಟಕು ಮಾಡಿಬಿಡುತ್ತದೆ. ಬೀಡ್‌ನಲ್ಲಿ ಅದು ಉದ್ದವಾಗೇ ಉಳಿಯುತ್ತದೆ. ಬೀಟ್‌ನ ದೀರ್ಘ ಬಿಡ್‌ನ ಹ್ರಸ್ವದ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಹಾಗಾಗಿ ಬರೀ ಉದ್ದವನ್ನು ನಂಬಿದವನು ಮೋಸ ಹೋಗುತ್ತಾನೆ.

ಅವರು ಬರೆದಿಟ್ಟಿದ್ದು ಇಂಗ್ಲೆಂಡಿನ ದುಬಾರಿ ಬೋರ್ಡಿಂಗ್ ಶಾಲೆಗಳಲ್ಲಿ ಓದಿದವರ ಉಚ್ಚಾರಣೆ. ಮೊದಲು ಶಾಲೆಗಳ ಹೆಸರನ್ನೇ ಅದಕ್ಕಿಟ್ಟು, 1926ರಲ್ಲಿ ರಿಸೀವ್ಡ್ ಎಂದು ಬದಲಿಸಿದರು. ಇದೊಂದೇ ಸರಿ, ಉಳಿದದ್ದು ತಪ್ಪು ಅಂತ ತೀರ್ಪು ಕೊಡುವುದು ತಮ್ಮ ಕೆಲಸವಲ್ಲ ಎಂಬುದು ಅವರ ನಿಲುವು. ಲೋಕ ಅದನ್ನು ಕೇಳಲಿಲ್ಲ. ಬಣ್ಣಿಸಲು ಬರೆದ ಪುಸ್ತಕವನ್ನು ಬೆತ್ತ ಮಾಡಿಕೊಂಡು ನಮ್ಮಂಥವರ ಮೇಲೆ ಬೀಸಿತು.

ಇಂಗ್ಲಿಷಿಗೇ ಅಂಟಿಕೊಂಡವರಲ್ಲ. ದಕ್ಷಿಣ ಆಫ್ರಿಕದ ಸಾಲ್ ಪ್ಲಾಟ್ಯೆ ಜತೆ ಕೂತು ಅವರ ತ್ಸ್ವಾನಾ ಭಾಷೆಗೆ 1916ರಲ್ಲಿ ಒಂದು ವಾಚನ ಪುಸ್ತಕ ಮಾಡಿದರು. 1919ರಲ್ಲಿ ಪೆರೇರಾ ಅವರ ಜತೆ ಸಿಂಹಳಕ್ಕೂ ಮಾಡಿದರು. 1942ರಲ್ಲಿ ಭಾರತಕ್ಕೆ ರೋಮನ್ ಆಧಾರದ ಒಂದು ರಾಷ್ಟ್ರಲಿಪಿ ಬೇಕೆಂದು ಪುಸ್ತಿಕೆ ಬರೆದರು. ಇದನ್ನು ಮಾತ್ರ ನಾನು ಒಪ್ಪಲಾರೆ. ಗುಡಿಸಿಗೊಂದು ದೀರ್ಘ, ಕೊಂಬಿಗೊಂದು ಇಳಿ, ಎ ಬೇರೆ ಏ ಬೇರೆ. ಉದ್ದ ಗಿಡ್ಡ ತೋರಿಸುವುದಕ್ಕೆ ನಮಗೇನು ಕೊರತೆ?

1949ರಲ್ಲಿ ನಿವೃತ್ತಿ, 1967ರ ಡಿಸೆಂಬರಿನಲ್ಲಿ ಸಾವು. ಡಿಕ್ಷನರಿ ಶಿಷ್ಯ ಗಿಮ್ಸನ್ ಕೈಗೆ ಹೋಯಿತು. 1977ರ 14ನೆಯ ಆವೃತ್ತಿಯಲ್ಲಿ ಗಿಮ್ಸನ್ ಶಿಪ್‌ಗೆ ಬೇರೆ ಅಕ್ಷರ ಕೊಟ್ಟರು. ಶೀಪ್‌ನ ಮುಂದಿನ ಎರಡು ಚುಕ್ಕಿಯನ್ನು ಮಾತ್ರ ತೆಗೆಯಲಿಲ್ಲ.