ನೂರ್ ಇನಾಯತ್ ಖಾನ್ ಮತ್ತು ನಮ್ಮ ರಾಗಿಗುಡ್ಡದ ವಿಳಾಸ

ಎಂಜಿನಿಯರಿಂಗ್ ಮುಗಿಸಿ ಮೊದಲ ಕೆಲಸ ಸಿಕ್ಕಾಗ, ಶಿವಮೊಗ್ಗದ ರಾಗಿಗುಡ್ಡದಲ್ಲಿರೋ ನಮ್ಮ ಮನೆಗೆ ಒಬ್ಬರು ಫಾರ್ಮು ಹಿಡಿದುಕೊಂಡು ಬಂದಿದ್ದರು. ಕಂಪನಿಗೆ ರಕ್ಷಣಾ ವಲಯದ ಗುತ್ತಿಗೆ ಇತ್ತು, ಹಾಗಾಗಿ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಜೋರು. ಬಂದವರು ನನ್ನ ಅಂಕಪಟ್ಟಿ ಕೇಳಲಿಲ್ಲ. ಪಕ್ಕದ ಮನೆಯವರ ಹತ್ತಿರ ಹೋಗಿ ನಮ್ಮ ಮನೆಗೆ ಯಾರ್ಯಾರು ಬರ್ತಾರೆ, ಅಪ್ಪ ಯಾವ ಪಕ್ಷದ ಕಡೆ, ಕಾಲೇಜಿನಲ್ಲಿ ನಾನು ಯಾವ ಸಂಘಟನೆಯಲ್ಲಿದ್ದೆ ಅಂತ ವಿಚಾರಿಸಿ ಹೋದರು. ಕೆಲಸವೇನೋ ಸಿಕ್ಕಿತು. ಆದರೆ ನಾನು ಏನು ಮಾಡಿಕೊಂಡೆ ಅಂತ ಬೀದಿಯವರೆಲ್ಲ ಅಮ್ಮನನ್ನು ಕೇಳೋದು ತಿಂಗಳಾದರೂ ನಿಲ್ಲಲಿಲ್ಲ.

2023ರ ಅಕ್ಟೋಬರ್ 1ರಂದು ಈದ್ ಮಿಲಾದ್ ಮೆರವಣಿಗೆ ವೇಳೆ ಇಲ್ಲಿ ಕಲ್ಲು ತೂರಾಟ ಆಯಿತು, ಸೆಕ್ಷನ್ 144 ಬಂತು, ರಾಗಿಗುಡ್ಡದ ಹೆಸರು ದಿನವಿಡೀ ಟಿವಿಯಲ್ಲಿ ಓಡಿತು. ಆಮೇಲೆ ಕೆಲಸಕ್ಕೆ ಅರ್ಜಿ ಹಾಕೋ ನಮ್ಮ ಬೀದಿಯ ಹುಡುಗರು, ಯಾವ ಧರ್ಮದವರಾದರೂ ಸರಿ, ವಿಳಾಸದ ಕಾಲಂ ಬಂದಾಗ ಒಂದು ಕ್ಷಣ ನಿಲ್ತಾರೆ. ಆಗೆಲ್ಲ ನನಗೆ ನೆನಪಾಗೋದು ನೂರ್ ಇನಾಯತ್ ಖಾನ್. ವಿಳಾಸ, ವಂಶ, ಧರ್ಮ, ರಾಜಕೀಯ ಎಲ್ಲವೂ ಅನುಮಾನಕ್ಕೆ ಕಾರಣವಾಗಬಹುದಾಗಿದ್ದ ಈ ಹೆಣ್ಣುಮಗಳು, ಎರಡನೇ ಮಹಾಯುದ್ಧದ ಅತ್ಯಂತ ಗುಟ್ಟಿನ ಕೆಲಸವೊಂದಕ್ಕೆ ಆಯ್ಕೆಯಾಗಿದ್ದಳು.

ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ತಂದೆ ಹಜರತ್ ಇನಾಯತ್ ಖಾನ್, ಬರೋಡಾದ ಸಂಗೀತಗಾರ, ಸೂಫಿ ಗುರು. ತಾಯಿ ಅಮೆರಿಕದವರು, ಓರಾ ರೇ ಬೇಕರ್. ತಂದೆಯ ತಾಯಿಯ ಕಡೆಯಿಂದ ಈ ಕುಟುಂಬದ ಬೇರು ಟಿಪ್ಪು ಸುಲ್ತಾನನಿಗೆ ಮುಟ್ಟುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಟಿಪ್ಪು ಮಕ್ಕಳನ್ನು ವೆಲ್ಲೂರಿನ ಕೋಟೆಯಲ್ಲಿಟ್ಟರು. 1806ರ ಸಿಪಾಯಿ ದಂಗೆಯ ನಂತರ ಕಲ್ಕತ್ತಾಕ್ಕೆ ಸಾಗಿಸಿದರು. ವಂಶ ನೋಡಿ ಅನುಮಾನ ಪಡೋದು ಬ್ರಿಟಿಷ್ ಸರ್ಕಾರಕ್ಕೆ ಹೊಸದೇನೂ ಆಗಿರಲಿಲ್ಲ ನೋಡಿ.

ಕುಟುಂಬ ಲಂಡನ್ನಿಗೆ, ಅಲ್ಲಿಂದ ಪ್ಯಾರಿಸ್ ಪಕ್ಕದ ಸುರೇನ್‌ಗೆ ಹೋಗಿ ನೆಲೆಸಿತು. 1927ರಲ್ಲಿ ತಂದೆ ದೆಹಲಿಯಲ್ಲಿ ತೀರಿಕೊಂಡರು. ತಾಯಿ ದುಃಖದಲ್ಲಿ ಮುಳುಗಿದಾಗ, 13ರ ನೂರ್ ತಮ್ಮಂದಿರು, ತಂಗಿಯನ್ನು ನೋಡಿಕೊಂಡಳು. ಸಂಗೀತ ಕಲಿತಳು, ಮಕ್ಕಳ ಮನಃಶಾಸ್ತ್ರ ಓದಿದಳು, ಮಕ್ಕಳಿಗೆ ಕಥೆ ಬರೆದಳು. ಜಾತಕ ಕಥೆಗಳನ್ನು ಇಂಗ್ಲಿಷಿಗೆ ತಂದ ಅವಳ ಪುಸ್ತಕ 1939ರಲ್ಲಿ ಬಂತು. ಅಹಿಂಸೆ, ಸತ್ಯ ಅನ್ನೋ ಮಾತುಗಳ ನಡುವೆಯೇ ಬೆಳೆದ ಹುಡುಗಿ.

1940ರ ಜೂನ್‌ನಲ್ಲಿ ಜರ್ಮನ್ ಸೇನೆ ಪ್ಯಾರಿಸ್ ಹೊಕ್ಕಾಗ ಕುಟುಂಬ ಇಂಗ್ಲೆಂಡಿಗೆ ಓಡಿಬಂತು. ಅಹಿಂಸೆ ನಂಬಿದವರು ನಾಜಿಗಳ ಎದುರು ಸುಮ್ಮನೆ ಕೂರಬಹುದಾ? ಕೂರಬಾರದು ಅಂತ ನೂರ್ ಮತ್ತು ತಮ್ಮ ವಿಲಾಯತ್ ತೀರ್ಮಾನಿಸಿದರು. ಅವಳು ವಾಯುಪಡೆಯ ಮಹಿಳಾ ದಳಕ್ಕೆ ಅರ್ಜಿ ಹಾಕಿದಳು. ಹುಟ್ಟಿದ್ದು ಮಾಸ್ಕೋದಲ್ಲಿ ಅನ್ನೋದೇ ಮೊದಲು ಅಡ್ಡಿಯಾಯಿತು. ಅವಳು ಬಿಡದೆ ಪತ್ರ ಬರೆದಳು. ಆ ವರ್ಷ ನವೆಂಬರ್‌ನಲ್ಲಿ ಸೇರಿಸಿಕೊಂಡರು. ದಾಖಲೆಯಲ್ಲಿ ಅವಳ ಹೆಸರು ನೋರಾ ಬೇಕರ್, ಧರ್ಮ ಚರ್ಚ್ ಆಫ್ ಇಂಗ್ಲೆಂಡ್ ಅಂತಾಯಿತು. ಅಂದರೆ, ನಿಜ ಹೇಳೋದನ್ನೇ ವ್ರತ ಮಾಡಿಕೊಂಡವಳು ಕೂಡ ಫಾರ್ಮಿನ ಎದುರು ತನ್ನ ಹೆಸರನ್ನು ಮರೆಮಾಡಬೇಕಾಯಿತು. ಪ್ರಶ್ನೆ ಕೇಳೋ ರೀತಿಯೇ ಉತ್ತರವನ್ನು ಬದಲಿಸಿಬಿಡುತ್ತೆ. ಇದು ನಮ್ಮ ಬೀದಿಯ ಹುಡುಗರಿಗೆ ಚೆನ್ನಾಗಿ ಗೊತ್ತು.

1942, ಕ್ವಿಟ್ ಇಂಡಿಯಾ ಚಳವಳಿಯ ವರ್ಷ. ಅಧಿಕಾರಿ ಹುದ್ದೆಯ ಸಂದರ್ಶನದಲ್ಲಿ ಅವಳಿಗೆ ಭಾರತದ ಸ್ವಾತಂತ್ರ್ಯದ ಬಗ್ಗೆ ಪ್ರಶ್ನೆ ಬಂತು. ಈ ಸಲ ಮುಚ್ಚಿಡಲಿಲ್ಲ. ಯುದ್ಧ ಮುಗಿಯುವ ತನಕ ಬ್ರಿಟನ್ನಿಗೆ ನಿಷ್ಠೆ, ಆಮೇಲೆ ಭಾರತದ ಪರ ನಿಲ್ಲಬೇಕಾಗಬಹುದು ಅನ್ನೋ ಅರ್ಥದಲ್ಲಿ ನೇರವಾಗಿ ಹೇಳಿದಳು. ಕೆಲಸ ಹೋಯ್ತು ಅಂದುಕೊಂಡೇ ಹೊರಗೆ ಬಂದಳು. ಆದರೆ ಸ್ವಲ್ಪ ದಿನದಲ್ಲೇ ಬೇರೆ ಕಡೆಯಿಂದ ಕರೆ ಬಂತು: ಶತ್ರುವಿನ ನೆಲದಲ್ಲಿ ಗುಪ್ತ ಕಾರ್ಯಾಚರಣೆ ನಡೆಸುತ್ತಿದ್ದ ಎಸ್‌ಒಇ ಸಂಸ್ಥೆ. ಅವರಿಗೆ ಬೇಕಾಗಿದ್ದು ಫ್ರೆಂಚ್ ಚೆನ್ನಾಗಿ ಬಲ್ಲ ರೇಡಿಯೋ ಆಪರೇಟರ್. ಅದು ಅವಳಿಗೆ ಬರುತ್ತಿತ್ತು, ಅಷ್ಟೇ.

ಇಷ್ಟು ಹೇಳಿ ಅವಳನ್ನು ದೇವತೆ ಮಾಡಿಬಿಡೋದು ಸುಲಭ. ಆದರೆ ಅವಳ ತರಬೇತಿಯ ವರದಿಗಳು ಒಂದೇ ಥರ ಇಲ್ಲ. ಕೆಲವರು ಅವಳ ಶ್ರದ್ಧೆಯನ್ನು ಮೆಚ್ಚಿದರು. ಕೆಲವರು ಬಂದೂಕು ಕಂಡರೆ ಹೆದರ್ತಾಳೆ, ಬುದ್ಧಿ ಚುರುಕಿಲ್ಲ, ಸುಳ್ಳು ಹೇಳೋಕೆ ಬರಲ್ಲ, ಈ ಕೆಲಸಕ್ಕೆ ತಕ್ಕವಳಲ್ಲ ಅಂತ ಬರೆದರು. ಫ್ರಾನ್ಸ್ ವಿಭಾಗದ ಮುಖ್ಯಸ್ಥ ಮಾರಿಸ್ ಬಕ್‌ಮಾಸ್ಟರ್ ಆ ಟೀಕೆಯನ್ನು ತಳ್ಳಿಹಾಕಿದರು. ಪ್ಯಾರಿಸ್‌ನಲ್ಲಿ ಆಪರೇಟರ್‌ಗಳ ಕೊರತೆ ಇತ್ತು.

1943ರ ಜೂನ್ 16ರ ರಾತ್ರಿ ಲೈಸಾಂಡರ್ ವಿಮಾನದಲ್ಲಿ ಅವಳನ್ನು ಫ್ರಾನ್ಸಿಗೆ ಕಳಿಸಿದರು. ಸಂಕೇತನಾಮ ಮೆಡಲೀನ್. ಅವಳ ವಿಮಾನವನ್ನು ಕತ್ತಲಲ್ಲಿ ಬರಮಾಡಿಕೊಂಡ ಎಸ್‌ಒಇ ಅಧಿಕಾರಿ ಆನ್ರಿ ಡೆರಿಕೂರ್, ಆಗಲೇ ಜರ್ಮನ್ ಗುಪ್ತಚರರ ಸಂಪರ್ಕದಲ್ಲಿದ್ದ. ಫ್ರೆಂಚ್ ಪೈಲಟ್, ಕೈಚಳಕದವನು, ಎಲ್ಲರಿಗೂ ಬೇಕಾದವನು. ಯುದ್ಧದ ನಂತರ, 1948ರಲ್ಲಿ ವಿಚಾರಣೆ ನಡೆದು ಖುಲಾಸೆಯೂ ಆದ. ಭಾರತದ ಸ್ವಾತಂತ್ರ್ಯ ಬೇಕು ಅಂದವಳ ಮೇಲೆ ಪ್ರಶ್ನೆ, ವಿಮಾನನೆಲೆಯ ಕೀಲಿ ಮಾತ್ರ ಇವನ ಕೈಯಲ್ಲಿ.

ಹತ್ತು ದಿನ ಕಳೆಯೋದರೊಳಗೆ ಪ್ರಾಸ್ಪರ್ ಅನ್ನೋ ಪ್ಯಾರಿಸ್ ಜಾಲ ಕುಸಿಯಿತು, ಒಬ್ಬರಾದ ಮೇಲೆ ಒಬ್ಬರು ಸಿಕ್ಕಿಬಿದ್ದರು. ಲಂಡನ್ ಅವಳನ್ನು ವಾಪಸ್ ಕರೆಯಿತು. ಅವಳು ಒಪ್ಪಲಿಲ್ಲ. ಜರ್ಮನ್ ಪತ್ತೆ ವ್ಯಾನುಗಳನ್ನು ತಪ್ಪಿಸಿಕೊಳ್ಳುತ್ತಾ, ರೇಡಿಯೋ ಹೊತ್ತು ಮನೆಯಿಂದ ಮನೆಗೆ ಓಡಾಡುತ್ತಾ, ಸುಮಾರು ಮೂರೂವರೆ ತಿಂಗಳು ಸಂದೇಶ ಕಳಿಸಿದಳು. ಅಕ್ಟೋಬರ್‌ನಲ್ಲಿ ಯಾರೋ ಸುಳಿವು ಕೊಟ್ಟು ಹಿಡಿಸಿದರು. ಆರೋಪ ಬಂದದ್ದು ಜಾಲದ ಒಬ್ಬರ ಸಹೋದರಿಯ ಮೇಲೆ, ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ.

ಇಲ್ಲಿ ಅವಳ ತಪ್ಪೂ ಇದೆ. ಕಳಿಸಿದ ಸಂದೇಶಗಳನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಇಟ್ಟುಕೊಂಡಿದ್ದಳು, ಅದು ಜರ್ಮನರ ಕೈ ಸೇರಿತು. ಅವಳ ಹೆಸರಲ್ಲಿ ಅವರೇ ಲಂಡನ್ನಿಗೆ ಸಂದೇಶ ಕಳಿಸಿದರು. ಲಂಡನ್ ಅನುಮಾನದ ಸೂಚನೆಗಳನ್ನು ಗಮನಿಸಲಿಲ್ಲ, ಹೊಸದಾಗಿ ಕಳಿಸಿದ ಏಜೆಂಟರು ನೇರ ಬಲೆಗೆ ಬಿದ್ದು ಸತ್ತರು. ಅಂದರೆ ಪರಿಶೀಲನೆಯೇ ಬೇಡ ಅನ್ನೋಕೆ ಆಗಲ್ಲ. ತಪ್ಪಿದರೆ ಜೀವ ಹೋಗುತ್ತೆ. ಆದರೆ ಯಾವುದನ್ನು ಪರಿಶೀಲಿಸಬೇಕಿತ್ತು? ಸಂದೇಶಗಳನ್ನು ಹೇಗೆ ಜೋಪಾನ ಮಾಡ್ತಾಳೆ ಅನ್ನೋದನ್ನ. ತರಬೇತುದಾರರ ಅನುಮಾನದಲ್ಲಿ ಕೆಲಸಕ್ಕೆ ಸಂಬಂಧಪಟ್ಟದ್ದು ಸ್ವಲ್ಪವಾದರೂ ಇತ್ತು, ಅದನ್ನು ಆತುರದಲ್ಲಿ ಬದಿಗಿಟ್ಟರು. ಮಾಸ್ಕೋ, ಟಿಪ್ಪು, ಭಾರತ, ಇವು ಯಾವುವೂ ಯಾರನ್ನೂ ಕೊಲ್ಲಲಿಲ್ಲ.

ಜರ್ಮನರ ವಿಚಾರಣೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ಎರಡು ಸಲ ತಪ್ಪಿಸಿಕೊಳ್ಳಲು ಯತ್ನಿಸಿದಳು. ಫೋರ್ಟ್ಸ್‌ಹೈಮ್ ಜೈಲಿನಲ್ಲಿ ತಿಂಗಳುಗಟ್ಟಲೆ ಸಂಕೋಲೆಯಲ್ಲಿ ಒಂಟಿಯಾಗಿಟ್ಟರು. 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಇನ್ನು ಮೂವರು ಹೆಣ್ಣುಮಕ್ಕಳ ಜೊತೆ ಕೊಂದರು. ಅವಳಿಗೆ 30 ವರ್ಷ. 1949ರಲ್ಲಿ ಬ್ರಿಟನ್ ಜಾರ್ಜ್ ಕ್ರಾಸ್ ಕೊಟ್ಟಿತು. 2003ರಲ್ಲಿ ಎಸ್‌ಒಇ ಸಿಬ್ಬಂದಿಯ ಕಡತಗಳು ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ತೆರೆದುಕೊಂಡವು. ಅವಳ ಬುದ್ಧಿ ಚುರುಕಿಲ್ಲ ಅಂತ ಬರೆದ ಸಾಲನ್ನು ಇವತ್ತು ಯಾರು ಬೇಕಾದರೂ ಓದಬಹುದು. ಅದಕ್ಕೆ ಉತ್ತರ ಕೊಡೋಕೆ ಅವಳಿಲ್ಲ.

ನಮ್ಮ ಕಾಲಕ್ಕೆ ಬರೋಣ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಕ್ಕೂ ಮುಂಚೆ, 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ, ಮಾಹಿತಿ ಮುಚ್ಚಿಟ್ಟರೆ ಕೆಲಸ ಹೋಗಬಹುದು, ಆದರೆ ಎಳೆ ವಯಸ್ಸಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವಾದರೆ ಅದನ್ನು ಬಿಟ್ಟುಬಿಡಬಹುದು ಅಂತ ಅದೇ ಕೋರ್ಟ್ ಹೇಳಿತ್ತು. ಇತ್ತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಉದ್ಯೋಗದ ಉದ್ದೇಶಕ್ಕೆ ಮತ್ತು ಮಾಲೀಕರನ್ನು ನಷ್ಟದಿಂದ ಕಾಪಾಡೋಕೆ ಒಪ್ಪಿಗೆ ಇಲ್ಲದೆಯೂ ನೌಕರರ ಮಾಹಿತಿ ಬಳಸಲು ಬಾಗಿಲು ತೆರೆದಿಟ್ಟಿದೆ. ಆ ಬಾಗಿಲಲ್ಲಿ ಎಂಥೆಂಥ ಪ್ರಶ್ನೆ ಒಳಗೆ ಬರುತ್ತೆ ಅನ್ನೋದನ್ನು ನಾವೇ ಕಾಯಬೇಕು.

ಅಣುಸ್ಥಾವರ, ವಿಮಾನ ನಿಲ್ದಾಣ, ಡೇಟಾ ಸೆಂಟರ್ ಇಂಥ ಕಡೆ ಪರಿಶೀಲನೆ ಇರಲಿ. ಕ್ರಿಮಿನಲ್ ದಾಖಲೆ ನೋಡಲಿ, ಪ್ರಮಾಣಪತ್ರ ನೋಡಲಿ, ಕೆಲಸದ ಶಿಸ್ತು ಪರೀಕ್ಷಿಸಲಿ. ಅನುಮಾನ ಇದ್ದರೆ ಅಭ್ಯರ್ಥಿಯನ್ನೇ ಕೂರಿಸಿ ಕೇಳಲಿ, ಏನು ಬರೆದುಕೊಂಡರು ಅಂತ ತೋರಿಸಲಿ, ತಪ್ಪಿದ್ದರೆ ತಿದ್ದಲು ಅವಕಾಶ ಕೊಡಲಿ. ಪಕ್ಕದ ಮನೆಯವರನ್ನು ಬಿಡಲಿ. ನೂರ್‌ಗೆ ಕೊನೇಪಕ್ಷ ಆ ಪ್ರಶ್ನೆಯನ್ನು ಮುಖ ನೋಡಿ ಕೇಳಿದ್ದರು, ಉತ್ತರ ಕೊಡಲು ಅವಳಿಗೆ ಅವಕಾಶ ಇತ್ತು. ನನ್ನ ಬಗ್ಗೆ ಆ ಫಾರ್ಮಿನಲ್ಲಿ ಏನು ಬರೆದರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.