ಒಕ್ಕಣ್ಣಿನ ಮೋಜಣಿದಾರ

ಸಕಲೇಶಪುರ, ಆಲೂರು ಕಡೆಯ ಬೆಟ್ಟಗಳನ್ನು ಮಳೆಗಾಲ ಕಳೆದ ಮೇಲೆ ನೋಡಬೇಕು. ಮಂಜರಾಬಾದ್ ಕೋಟೆಯ ಮೇಲೆ ನಿಂತವರಿಗೆ ಒಂದರ ಹಿಂದೊಂದು ನೀಲಿಯ ಸಾಲುಗಳು ಕಾಣುತ್ತವೆ. ಯಾವ ಸಾಲು ಎರಡು ಹರಿದಾರಿ ದೂರದ್ದು, ಯಾವುದು ಆರು ಹರಿದಾರಿಯದು ಎಂಬುದನ್ನು ಬರಿಗಣ್ಣು ಹೇಳಲಾರದು. ಈ ಘಟ್ಟಸೀಮೆಯನ್ನೂ ಒಳಗೊಂಡಂತೆ ದಕ್ಷಿಣ ಭಾರತದ ಅಗಲವನ್ನು ಮೊದಲ ಬಾರಿಗೆ ನಿಖರವಾಗಿ ಅಳೆದವನು ವಿಲಿಯಂ ಲ್ಯಾಂಬ್ಟನ್. ಅವನಿಗೆ ಸರಿಯಾಗಿ ಕಾಣುತ್ತಿದ್ದುದು ಒಂದೇ ಕಣ್ಣು.

ಲ್ಯಾಂಬ್ಟನ್ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಬಡ ಕುಟುಂಬದಲ್ಲಿ ಹುಟ್ಟಿದವನು. ಗಣಿತದ ಬಲದಿಂದ ಮೇಲೆ ಬಂದು, ಸೈನ್ಯದ 33ನೆಯ ರೆಜಿಮೆಂಟನ್ನು ಸೇರಿ ಅಮೆರಿಕಕ್ಕೆ ಹೋದನು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೆರೆಸಿಕ್ಕನು. ಆ ಖಂಡದಲ್ಲಿದ್ದಾಗಲೇ, ಮಸಿ ಹಿಡಿದ ಗಾಜಿಲ್ಲದೆ ಸೂರ್ಯಗ್ರಹಣವನ್ನು ನೋಡಿ ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡನು.

ಇದು ಸಣ್ಣ ನಷ್ಟವಲ್ಲ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6.5 ಸೆಂಟಿಮೀಟರ್ ಅಂತರವಿದೆ. ಆದುದರಿಂದ ಒಂದೇ ವಸ್ತುವಿನ ಎರಡು ಚಿತ್ರಗಳು ತುಸು ಬೇರೆಬೇರೆಯಾಗಿ ಮೂಡುತ್ತವೆ. ಆ ವ್ಯತ್ಯಾಸದಿಂದ ಮಿದುಳು ದೂರವನ್ನು ಗ್ರಹಿಸುತ್ತದೆ. ಚಾರ್ಲ್ಸ್ ವೀಟ್‌ಸ್ಟನ್ ಈ ಮರ್ಮವನ್ನು ವಿವರಿಸಿದ್ದು 1838ರಲ್ಲಿ. ಆ ವೇಳೆಗೆ ಲ್ಯಾಂಬ್ಟನ್ ಬದುಕಿರಲಿಲ್ಲ. ಎರಡು ಕಣ್ಣುಳ್ಳವರಲ್ಲೂ ಈ ಶಕ್ತಿ ಎಲ್ಲೆಡೆ ಸಮನಾಗಿಲ್ಲ. ನೇರವಾಗಿ ದಿಟ್ಟಿಸುವ ಎಡೆಯಲ್ಲಿ ಅದು ಹರಿತ; ಬದಿಗೆ ಸರಿದಂತೆ ಮೊಂಡಾಗುತ್ತದೆ. ಎರಡೂ ಕಣ್ಣುಗಳಿಗೆ ಒಟ್ಟಾಗಿ ಕಾಣುವ ಹರವು ಸುಮಾರು 120 ಡಿಗ್ರಿ ಮಾತ್ರ. ಅದರಾಚೆಯ ಅಂಚನ್ನು ಆಯಾ ಬದಿಯ ಕಣ್ಣೊಂದೇ ನೋಡುತ್ತದೆ. ಕಡೆಗಣ್ಣಿನ ತುದಿಯಲ್ಲಿ ನಾವೆಲ್ಲರೂ ಒಕ್ಕಣ್ಣರೇ! ದೂರದ ಬೆಟ್ಟದ ಮುಂದೆಯೂ ಹಾಗೆಯೇ: ಅಲ್ಲಿ 6.5 ಸೆಂಟಿಮೀಟರ್ ಅಂತರ ಯಾವ ಲೆಕ್ಕಕ್ಕೂ ಬಾರದು, ಎರಡು ಚಿತ್ರಗಳೂ ಒಂದೇ ಆಗಿಬಿಡುತ್ತವೆ.

ಲ್ಯಾಂಬ್ಟನ್ 1799ರಲ್ಲಿ ಟಿಪ್ಪುವಿನ ವಿರುದ್ಧದ ಯುದ್ಧಕ್ಕೆಂದು ಶ್ರೀರಂಗಪಟ್ಟಣಕ್ಕೆ ಬಂದನು. ಒಂದು ಕತ್ತಲ ರಾತ್ರಿ ದಂಡು ದಾರಿತಪ್ಪಿ ಶತ್ರುವಿನ ಕಡೆಗೇ ನಡೆದಿದ್ದಾಗ, ನಕ್ಷತ್ರಗಳನ್ನು ನೋಡಿ ದಿಕ್ಕನ್ನು ತಿಳಿಸಿದವನು ಇವನೇ. ಯುದ್ಧ ಮುಗಿದ ಮೇಲೆ ಕರಾವಳಿಯಿಂದ ಕರಾವಳಿಗೆ ನಾಡನ್ನು ಅಳೆಯುವ ಯೋಜನೆಯನ್ನು ಮುಂದಿಟ್ಟನು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಮೇನೆ ಹೊರುವವರಿಗೆ ಹೇಳಿದರೆ ಸಾಕು, ಇಷ್ಟು ಖರ್ಚಿನ ಮೋಜಣಿ ಏಕೆಂದು ಮದರಾಸಿನ ಅಧಿಕಾರಿಯೊಬ್ಬನು ಆಕ್ಷೇಪಿಸಿದನಂತೆ.

ಲ್ಯಾಂಬ್ಟನ್ನನ ವಿಧಾನದಲ್ಲಿ ಕಣ್ಣುಗಳ ಅಂತರವೇ ಮೈಲಿಗಟ್ಟಲೆ ಹಿಗ್ಗಿತು. 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ 100 ಅಡಿಯ ಉಕ್ಕಿನ ಸರಪಳಿಯನ್ನು ಹಾಸಿ, ಸುಮಾರು 7.5 ಮೈಲಿ ಉದ್ದದ ಆಧಾರರೇಖೆಯನ್ನು ಅಳೆದನು. ಅದರ ಎರಡು ತುದಿಗಳಿಂದಲೂ ಒಂದೇ ಗುಡ್ಡವನ್ನು ನೋಡಿ ಕೋನಗಳನ್ನು ಗುರುತಿಸಿದರೆ, ಅಲ್ಲಿಗೆ ಹೋಗದೆಯೇ ದೂರ ತಿಳಿಯುತ್ತದೆ. ಆ ದೂರವೇ ಮುಂದಿನ ತ್ರಿಕೋನಕ್ಕೆ ಆಧಾರವಾಗುತ್ತದೆ. ಕೋನವನ್ನು ಅಳೆಯುವ ಥಿಯೋಡೊಲೈಟ್ ಅರ್ಧ ಟನ್ ಭಾರದ್ದು. ಅದನ್ನು ಬೆಟ್ಟಬೆಟ್ಟಕ್ಕೆ ಹೊತ್ತವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ನೆಲದ ಮೇಲೆಯೇ ಅಳೆದು ನೋಡಲಾಯಿತು. ಸುಮಾರು 7 ಮೈಲಿಯಲ್ಲಿ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ 4 ಅಂಗುಲಕ್ಕಿಂತ ಕಡಮೆ!

ಅಲ್ಲಿಂದ ತ್ರಿಕೋನಗಳು ಮೈಸೂರು ಸೀಮೆಯನ್ನೂ ಪಶ್ಚಿಮ ಘಟ್ಟವನ್ನೂ ದಾಟಿ ಮಂಗಳೂರಿನ ಕಡಲನ್ನು ಮುಟ್ಟಿದವು. ಮದರಾಸು, ಬೆಂಗಳೂರು, ಆಲೂರು, ಸಕಲೇಶಪುರ, ಮಂಗಳೂರು ಎಲ್ಲವೂ 13ನೆಯ ಅಕ್ಷಾಂಶದ ಆಸುಪಾಸಿನಲ್ಲಿರುವುದನ್ನು ನಕ್ಷೆಯಲ್ಲಿ ಗಮನಿಸಿರಿ. ಹಳೆಯ ನಕ್ಷೆಗಳಲ್ಲಿ ಪರ್ಯಾಯದ್ವೀಪದ ಅಗಲ 400 ಮೈಲಿ ಎಂದಿತ್ತು. ಲ್ಯಾಂಬ್ಟನ್ ಅದು 360 ಮೈಲಿ ಎಂದು ತೋರಿಸಿದನು. ನೆಲವೆಂದು ಬರೆದಿದ್ದ 40 ಮೈಲಿ ಕಡಲಿನ ಪಾಲಾಯಿತು.

1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಥಿಯೋಡೊಲೈಟ್ ಜಜ್ಜಿಹೋಯಿತು. ಲ್ಯಾಂಬ್ಟನ್ ವಾರಗಟ್ಟಲೆ ಕುಳಿತು ಅದನ್ನು ತಾನೇ ಸರಿಪಡಿಸಿದನು. ಎಪ್ಪತ್ತರ ಆಸುಪಾಸಿನಲ್ಲೂ ಅಳೆಯುತ್ತಲೇ ಉತ್ತರಕ್ಕೆ ಸಾಗಿದನು. 1823ರ ಜನವರಿ 20ರಂದು, ನಾಗಪುರದ ದಾರಿಯಲ್ಲಿದ್ದ ಹಿಂಗನಘಾಟಿನಲ್ಲಿ ತೀರಿಕೊಂಡನು. ಅವನ ಸಹಾಯಕನಾಗಿದ್ದ ಎವರೆಸ್ಟನ ಹೆಸರು ಮುಂದೆ ಹಿಮಾಲಯದ ಶಿಖರಕ್ಕೆ ಬಂದಿತು. ಲ್ಯಾಂಬ್ಟನ್ನನ ಸಮಾಧಿ ಹಿಂಗನಘಾಟಿನಲ್ಲಿದೆ.